ವೀಳ್ಯ ಕೊಟ್ಟ ಊರುಗಳಿಗೆ

ಸಂಕ್ರಾಂತಿ ಕಳೆದು ಕೆಲವು ದಿನವಾಗಿತ್ತು. ಬೆಳಿಗ್ಗೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಮಾಲೂರಿನ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಚಳಿ ಇನ್ನೂ ಬಿಟ್ಟಿರಲಿಲ್ಲ, ಕಂಡಕ್ಟರ್ ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡಿದ್ದ. ಆಧಾರ್ ಕಾರ್ಡು ತೋರಿಸಿದೆ, ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಗಿರಾಕಿ ಹುಡುಕಿಕೊಂಡು ಊರೂರು ತಿರುಗುವುದು ನನಗೆ ರೂಢಿಯಾಗಿದೆ. ಈ ಸಲ ಹೊರಟದ್ದು ಗಿರಾಕಿ ಹುಡುಕಲಿಕ್ಕಲ್ಲ. ಕೈಕೊಟ್ಟ ಗಿರಾಕಿಗಳ ಮುಖವನ್ನು ಒಮ್ಮೆ ಎದುರಿಗೆ ಕೂತು ನೋಡಿ ಬರಬೇಕೆಂದು ಹೊರಟಿದ್ದೆ.

ನನ್ನದು ಡ್ರಾಮಾ ಡ್ರೆಸ್ಸಿನ ಅಂಗಡಿ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಬೇಸಾಯಗಾರರು, ಡ್ರೈವರುಗಳು, ಹಾಲಿನ ಡೇರಿಯ ಕಾರ್ಯದರ್ಶಿಗಳು ಸೇರಿಕೊಂಡು ಪೌರಾಣಿಕ ನಾಟಕ ಆಡುತ್ತಾರೆ. ಅವರಿಗೆ ಕಿರೀಟ, ಭುಜಕೀರ್ತಿ, ಗದೆ, ಪೋಷಾಕು, ಹಿಂದೆ ಇಳಿಬಿಡುವ ಪರದೆ ಎಲ್ಲವನ್ನೂ ಬಾಡಿಗೆಗೆ ಕೊಡುತ್ತೇನೆ. ಬಾಡಿಗೆಗೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಎಲ್ಲಿಂದಲೋ ಕೊಂಡು ತಂದು ಕೊಡುತ್ತಾರೆ. ನಾನು ಕೈಯಾರೆ ಮಾಡಿ ಕೊಡುತ್ತೇನೆ. ತಗಡಿನ ಹಳೆಯ ಕಿರೀಟ ಹೊತ್ತುಕೊಂಡು ಹಾಡಿದರೆ ಹಣೆ ಕುಯ್ದು ಹೋಗುತ್ತದೆ. ನಾನು ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಕೂರಿಸಿ, ಮೇಲೆ ಕನ್ನಡಿ ಚೂರು, ಮಣಿ ಹೊಲಿದು ಹಗುರವಾದ ಕಿರೀಟ ಮಾಡುತ್ತೇನೆ. ರಾಜಾಪಾರ್ಟಿನವರ ತಲೆಗೆ ದಾರ ಸುತ್ತಿ ಅಳತೆ ತೆಗೆದುಕೊಂಡೇ ಮಾಡುವುದು. ಪರದೆಗಳನ್ನೂ ನಾನೇ ಬರೆಯುತ್ತೇನೆ, ಅರಮನೆ, ಕಾಡು, ರಣರಂಗ, ನದಿ. ಬರೆದು ಮುಗಿದ ಮೇಲೆ ಕೆಳಗಿನ ಮೂಲೆಯಲ್ಲಿ ‘ರತ್ನ, ಕೋಲಾರ’ ಎಂದು ಹೆಸರು ಹಾಕುತ್ತೇನೆ.

ಈ ವ್ಯವಹಾರದಲ್ಲಿ ಕಾಗದಪತ್ರವಿಲ್ಲ. ಊರಿನ ನಾಲ್ಕು ಜನ ಅಂಗಡಿಗೆ ಬಂದು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ನಾಟಕದ ದಿನ ಹೇಳಿ, ತಟ್ಟೆಯನ್ನು ಕೈಗಿಡುತ್ತಾರೆ. ಅದು ವೀಳ್ಯ. ವೀಳ್ಯ ಹಿಡಿದ ಮೇಲೆ ಆ ದಿನ ಆ ಊರಿನದು, ಬೇರೆ ಯಾರು ಬಂದು ಎಷ್ಟು ಗೋಗರೆದರೂ ಇಲ್ಲ ಎನ್ನಬೇಕು. ಟೇಕಲ್, ನಂಗಲಿ, ಗೌನಿಪಲ್ಲಿ ಈ ಮೂರೂ ಕಡೆಯವರು ದೀಪಾವಳಿ ಮುಗಿಯುತ್ತಿದ್ದಂತೆ ಬಂದು ವೀಳ್ಯ ಕೊಟ್ಟು ಹೋಗಿದ್ದರು. ಆ ದಿನಗಳಿಗೆ ಬಂದ ಬೇರೆ ಊರಿನವರನ್ನೆಲ್ಲ ನಾನು ವಾಪಸ್ಸು ಕಳಿಸಿದ್ದೆ. ಸಂಕ್ರಾಂತಿಯ ಎಳ್ಳುಬೆಲ್ಲ ಬಾಯಲ್ಲಿರುವಾಗಲೇ ಫೋನುಗಳು ಬಂದವು. ಟೇಕಲ್ಲಿನವರು ದಿನ ಮುಂದಕ್ಕೆ ಹೋಗಿದೆ ಎಂದರು. ನಂಗಲಿಯವರು ಈ ವರ್ಷ ನಾಟಕವೇ ಇಲ್ಲ ಎಂದರು. ಗೌನಿಪಲ್ಲಿಯವರು ನಾನು ಮಾಡಿದ ಫೋನನ್ನೇ ಎತ್ತಲಿಲ್ಲ.

ಶಿವರಾತ್ರಿಯಿಂದ ಯುಗಾದಿಯ ಆಚೀಚೆಗೆ ನಮ್ಮ ನಾಟಕಗಳ ಕಾಲ ಮುಗಿದುಹೋಗುತ್ತದೆ. ಈ ಮೂರೂ ದೊಡ್ಡ ತಂಡಗಳು, ಸುತ್ತಿನ ಹಳ್ಳಿಗಳು ಇವರನ್ನು ನೋಡಿಕೊಂಡೇ ಡ್ರೆಸ್ಸು ಗೊತ್ತುಮಾಡುವುದು. ಇವರು ಬಿಟ್ಟರೆ ಮಿಕ್ಕವರೂ ಬಿಡುತ್ತಾರೆ. ಆಮೇಲೆ ನಾನು ಅಂಗಡಿಗೆ ಬೀಗ ಹಾಕಿ, ಒಂದು ಕಾಲದಲ್ಲಿ ಬಿಟ್ಟು ಬಂದ ಗಾರ್ಮೆಂಟ್ ಫ್ಯಾಕ್ಟರಿಯ ಬಸ್ಸನ್ನೇ ಮತ್ತೆ ಹತ್ತಬೇಕು.

ಹೊರಡುವ ಮುಂಚಿನ ವಾರವಷ್ಟೇ ಕೋಲಾರದಲ್ಲಿ ಸಣ್ಣ ಉದ್ದಿಮೆಯವರಿಗೆಂದು ಒಂದು ತರಬೇತಿ ನಡೆದಿತ್ತು. ಬೆಂಗಳೂರಿನಿಂದ ಬಂದಿದ್ದ ಒಬ್ಬರು ಗೋಡೆಯ ಮೇಲೆ ಚಿತ್ರಗಳನ್ನು ತೋರಿಸುತ್ತ, ಗಿರಾಕಿಯನ್ನು ಗಿರಾಕಿಯೆಂದು ನೋಡಬೇಡಿ, ಸಂಬಂಧ ಬೆಳೆಸಿ, ನಂಬಿಕೆ ತಾನಾಗಿ ಬರುತ್ತದೆ ಎಂದು ಬಹಳ ನಯವಾಗಿ ಹೇಳಿದರು. ಎಲ್ಲರೂ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ಸಂಬಂಧಕ್ಕೆ ನನಗೇನು ಬರವೇ? ಟೇಕಲ್ಲಿನ ಮದುವೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಬಡಿಸಿದ್ದೇನೆ. ಗೌನಿಪಲ್ಲಿಯಲ್ಲಿ ಮಗು ಹುಟ್ಟಿದಾಗ ತೊಟ್ಟಿಲಿಗೆ ಬಟ್ಟೆ ಹೊಲಿದು ಕೊಟ್ಟಿದ್ದೇನೆ. ಅವರು ಹೇಳಿದ ಸಂಬಂಧ, ನಂಬಿಕೆ ಎರಡೂ ನನ್ನ ಅಂಗಡಿಯಲ್ಲಿ ಮೂಟೆಗಟ್ಟಲೆ ಇದ್ದವು, ನಾಟಕ ಮಾತ್ರ ಇರಲಿಲ್ಲ.

ಮಾಲೂರು ಸೇರಿದಾಗ ಬಿಸಿಲು ಏರುತ್ತಿತ್ತು. ಊರ ಹೊರಗೆ ಇಟ್ಟಿಗೆ ಗೂಡುಗಳ ಹೊಗೆ ಮೇಲೇಳದೆ ರಸ್ತೆಯ ಮೇಲೇ ಮಲಗಿತ್ತು. ಸ್ಟೇಷನ್ನಿಗೆ ನಡೆದು, ಹತ್ತು ರೂಪಾಯಿ ಕೊಟ್ಟು ಪ್ಯಾಸೆಂಜರ್ ರೈಲಿನ ಟಿಕೆಟ್ಟು ತೆಗೆದುಕೊಂಡೆ. ರೈಲು ತಡವಾಗಿ ಬಂತು. ಬೋಗಿಯಲ್ಲಿ ಸೊಪ್ಪಿನ ಗಂಟುಗಳ ನಡುವೆ ನಿಂತುಕೊಂಡೇ ಟೇಕಲ್ ತಲುಪಿದೆ. ಇಳಿದ ಕೂಡಲೇ ಎದುರಿಗೆ ಬಂಡೆಗಳ ಬೆಟ್ಟ, ಅದರ ಬುಡದಲ್ಲಿ ಹೊಲ. ಅಲ್ಲಲ್ಲಿ ರಾಗಿ ಮೆದೆಗಳು ಇನ್ನೂ ಹಾಗೇ ಇದ್ದವು.

ಸ್ಟೇಷನ್ ಹೊರಗಿನ ಟೀ ಅಂಗಡಿಯ ಹೆಂಗಸಿಗೆ ನನ್ನ ಗುರುತಿತ್ತು. ನಾನು ಕೇಳದೆಯೇ ಎಲ್ಲ ಹೇಳಿಬಿಟ್ಟಳು. ನಾಟಕ ಶಿವರಾತ್ರಿಯ ಮಾರನೆಯ ದಿನವೇ ಅಂತೆ, ಮೊದಲು ಗೊತ್ತಾಗಿದ್ದ ದಿನವೇ. ಡ್ರೆಸ್ಸು ಮಾತ್ರ ಈ ಸಲ ಹೊಸಕೋಟೆ ಕಡೆಯವರದಂತೆ. ಆಮೇಲೆ ನನ್ನ ಮುಖ ನೋಡಿ, ನಿಮಗೆ ಮೈ ಸರಿಯಿಲ್ಲ ಅಂದರು, ಚೆನ್ನಾಗೇ ಇದ್ದೀರಲ್ಲ ಎಂದಳು. ಚೆನ್ನಾಗೇ ಇದ್ದೀನಿ ಎಂದು ಟೀ ಕುಡಿದು ಎದ್ದೆ.

ಟೇಕಲ್ ತಂಡದ ಯಜಮಾನರು ಮುನಿಯಪ್ಪನವರು. ಹಾಲಿನ ಡೇರಿ ನೋಡಿಕೊಳ್ಳುತ್ತಾರೆ, ನಾಟಕದಲ್ಲಿ ಮಂತ್ರಿ ಪಾರ್ಟು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಮುಖ ಅರಳಿಸಿ, ಬಾಮ್ಮಾ ರತ್ನ, ಎಷ್ಟು ದಿನ ಆಯ್ತು ಎಂದು ಚಾಪೆ ಹಾಸಿದರು. ಅವರ ಹೆಂಡತಿ ಒಳಗೆ ಮುದ್ದೆ ಕಟ್ಟುತ್ತಿದ್ದರು, ಹಿತಿಕಿದ ಅವರೆಕಾಳಿನ ಸಾರಿನ ವಾಸನೆ ಅಂಗಳದವರೆಗೂ ಬಂದಿತ್ತು. ಉಂಡು ಮಾತಾಡೋಣ ಎಂದರು. ಉಣ್ಣುವಾಗ ನನ್ನ ತಾಯಿಯ ಮಂಡಿನೋವು ವಿಚಾರಿಸಿದರು, ಅಂಗಡಿಯ ಮಾಡು ಸೋರುವುದು ನಿಂತಿತೇ ಎಂದು ಕೇಳಿದರು. ಎರಡನೇ ಮುದ್ದೆ ಬೇಡವೆಂದರೂ ತಟ್ಟೆಗೆ ಬಿತ್ತು. ಅಷ್ಟು ಅಕ್ಕರೆಯಲ್ಲಿ ಊಟ ಹಾಕಿದವರನ್ನು ಜಗಳಕ್ಕೆ ಕರೆಯುವುದು ಹೇಗೆ? ಕೈ ತೊಳೆದ ಮೇಲೆ, ನಾಟಕ ಯಾವತ್ತು ಮುನಿಯಪ್ಪಣ್ಣ ಎಂದು ಸುಮ್ಮನೆ ಕೇಳಿದೆ.

ಅದೇ, ಮುಂದಕ್ಕೆ ಹೋಗಿದೆಯಲ್ಲಮ್ಮ, ದಿನ ಇನ್ನೂ ಗೊತ್ತಿಲ್ಲ ಎಂದರು. ಟೀ ಅಂಗಡಿಯಲ್ಲಿ ಕೇಳಿದ್ದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಟವೆಲ್ಲಿನಿಂದ ಕೈ ಒರೆಸಿಕೊಂಡರು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

“ಏನ್ಮಾಡೋದಮ್ಮ, ಪಾರ್ಟುದಾರರೆಲ್ಲ ಸೇರಿ ಹಂಗೆ ತೀರ್ಮಾನ ಮಾಡ್ಬಿಟ್ರು. ನೀನು ನಮ್ಮ ಮನೆ ಮಗಳಿದ್ದಂಗೆ. ತಪ್ಪು ತಿಳ್ಕೋಬೇಡ.”

ಪಾರ್ಟುದಾರರಲ್ಲಿ ಯಾರು, ಏಕೆ ಎಂದು ಕೇಳಿದ್ದಕ್ಕೆ, ಮುಂದಿನ ವರ್ಷ ನಿನ್ನದೇ ಎಂದರು. ನನಗೆ ಮೈ ಸರಿಯಿಲ್ಲವೆಂದು ಊರಿಗೆ ಹೇಳಿದ್ದು ಯಾರು ಎಂದದ್ದಕ್ಕೆ ಅವರ ಹೆಂಡತಿ ಒಳಕ್ಕೆ ಹೋಗಿಬಿಟ್ಟರು. ಹೊರಡುವಾಗ ಒಂದು ಚೀಲದ ತುಂಬ ಸೊಗಡಿನ ಅವರೆಕಾಯಿ ಕಟ್ಟಿಕೊಟ್ಟರು. ನಾನೂ ಇಸಿದುಕೊಂಡೆ. ಮನೆ ಮಗಳ ದಿನವನ್ನು ಹೊಸಕೋಟೆಗೆ ಮಾರಿ, ಮನೆ ಮಗಳಿಗೆ ಅವರೆಕಾಯಿ ಕಟ್ಟಿಕೊಡುವ ಈ ಅಕ್ಕರೆಯನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಬಂಗಾರಪೇಟೆಯ ರೈಲಿನಲ್ಲಿ ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ಮೈಯೆಲ್ಲ ಉರಿಯುತ್ತಿತ್ತು. ಬಂಗಾರಪೇಟೆಯಿಂದ ಬಸ್ಸು ಹಿಡಿದು ಕೋಲಾರ ಸೇರುವಷ್ಟರಲ್ಲಿ ಸಂಜೆಯಾಗಿತ್ತು.

ಮಾರನೆಯ ದಿನ ಮುಳಬಾಗಿಲಿನ ದಾರಿ. ಹೆದ್ದಾರಿ ಚೆನ್ನಾಗಿದೆ, ಮುಕ್ಕಾಲು ಗಂಟೆಯಲ್ಲಿ ಬಸ್ಸು ತಲುಪಿಸಿತು. ಮುಳಬಾಗಿಲಿಗೆ ಬಂದು ದೋಸೆ ತಿನ್ನದೆ ಹೋದರೆ ಯಾರೂ ಮೆಚ್ಚುವುದಿಲ್ಲ, ನಾನೂ ತಿಂದೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಕೆಂಪು ಚಟ್ನಿ. ಹಿಂದಿನ ದಿನದ ಸಿಟ್ಟು ಹೊಟ್ಟೆಯಲ್ಲಿದ್ದರೂ ದೋಸೆಗೆ ಜಾಗ ಇತ್ತು. ಅಲ್ಲಿಂದ ನಂಗಲಿಗೆ ಇನ್ನೊಂದು ಬಸ್ಸು. ಟೋಲ್ ಗೇಟಿನ ಹತ್ತಿರ ಆಂಧ್ರದ ಕಡೆಗೆ ಮುಖ ಮಾಡಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಟೊಮೆಟೊ ಕ್ರೇಟುಗಳ ಲಾರಿ, ಸಿಮೆಂಟಿನ ಲಾರಿ. ಅವುಗಳ ಎದುರಿಗೇ ಖಾದರ್ ಭಾಯಿಯ ಪಂಕ್ಚರ್ ಅಂಗಡಿ.

ಖಾದರ್ ಭಾಯಿ ನಂಗಲಿ ತಂಡದ ಸೇನಾಪತಿ ಪಾರ್ಟು. ಇಪ್ಪತ್ತು ವರ್ಷದಿಂದ ಅದೇ ಪಾರ್ಟು ಮಾಡುತ್ತಿದ್ದಾರೆ, ಮನೆಯಲ್ಲಿ ದಖನಿ ಉರ್ದು, ಅಂಗಡಿಯಲ್ಲಿ ತೆಲುಗು, ರಂಗದ ಮೇಲೆ ಗ್ರಾಂಥಿಕ ಕನ್ನಡ. ನಾಟಕವೇ ಇಲ್ಲ ಎಂದು ನನಗೆ ಫೋನು ಮಾಡಿದ್ದು ಅವರೇ. ನನ್ನನ್ನು ನೋಡಿ, ಟಯರಿನಿಂದ ಟ್ಯೂಬು ಎಳೆಯುತ್ತಿದ್ದವರು ಅಲ್ಲೇ ನಿಂತುಬಿಟ್ಟರು. ಆಮೇಲೆ ಸ್ಟೂಲು ಒರೆಸಿ ಹಾಕಿ, ಎದುರಿನ ಹೋಟೆಲಿನಿಂದ ಟೀ ತರಿಸಿದರು. ನಾನು ಈ ಸಲ ಊಟ, ಮಂಡಿನೋವು ಯಾವುದಕ್ಕೂ ಅವಕಾಶ ಕೊಡಲಿಲ್ಲ. ಟೇಕಲ್ಲಿನಲ್ಲಿ ನಡೆದದ್ದನ್ನು ಹೇಳಿ, ನೀವಾದರೂ ನಿಜ ಹೇಳಿ ಎಂದೆ.

ಅವರು ಸುಳ್ಳು ಹೇಳುವ ಮನುಷ್ಯರಲ್ಲ, ಫೋನಿನಲ್ಲಿ ಹೇಳಿದ್ದು ಒಂದೇ ಸುಳ್ಳಿರಬೇಕು. ಎಲ್ಲವೂ ಹೊರಗೆ ಬಂತು. ನಾಟಕ ನಂಗಲಿಯಲ್ಲೂ ಇತ್ತು, ಡ್ರೆಸ್ಸು ಮಾತ್ರ ಬೇರೆಯವರದು. ಇದರ ಹಿಂದೆ ಇದ್ದವರು ಹಾರ್ಮೋನಿಯಂ ಮೇಷ್ಟ್ರು. ಈ ಮೂರೂ ಊರಿಗೆ ನಾಟಕ ಕಲಿಸುವವರು ಒಬ್ಬರೇ ಮೇಷ್ಟ್ರು, ನಾರಾಯಣಸ್ವಾಮಿ. ಊರಿಂದೂರಿಗೆ ಬೈಕಿನಲ್ಲಿ ಹೋಗಿ ಹಾಡು ಹೇಳಿಕೊಡುತ್ತಾರೆ. ರತ್ನಮ್ಮ ಒಂದೇ ದಿನಕ್ಕೆ ಎರಡು ಊರಿನ ವೀಳ್ಯ ಹಿಡಿದಿದ್ದಾಳೆ, ನಾಟಕದ ದಿನ ಡ್ರೆಸ್ಸಿನ ಪೆಟ್ಟಿಗೆ ಬರದೆ ನಿಮ್ಮ ಮಾನ ಹೋಗುತ್ತದೆ ಎಂದು ಅವರು ಮೂರೂ ಊರಿನಲ್ಲಿ ಹೇಳಿದ್ದರು. ಟೇಕಲ್ಲಿನಲ್ಲಿ ಅದರ ಜೊತೆಗೆ ನನಗೆ ಮೈ ಸರಿಯಿಲ್ಲವೆಂದೂ ಸೇರಿಸಿದ್ದರು.

ಕಾರಣ ನನಗೆ ಆಗಲೇ ಹೊಳೆಯಿತು. ದಸರೆಯ ಸುಮಾರಿಗೆ ಮೇಷ್ಟ್ರು ನನ್ನ ಅಂಗಡಿಗೆ ಬಂದಿದ್ದರು. ಹೊಸದಾಗಿ ಬರೆದ ಅರಮನೆಯ ಪರದೆಯನ್ನು ಬಹಳ ಹೊತ್ತು ನೋಡಿ, ಚೆನ್ನಾಗಿದೆ, ಈ ಮೂಲೆಯಲ್ಲಿ ನಿನ್ನ ಹೆಸರಿನ ಬದಲು ನನ್ನ ಹೆಸರು ಇರಲಿ ಎಂದಿದ್ದರು. ಅವರು ಕಟ್ಟುವ ನಾಟಕಕ್ಕೆಲ್ಲ ನನ್ನ ಡ್ರೆಸ್ಸೇ ಕರೆಸುತ್ತಾರಂತೆ, ಪರದೆಯ ಮೇಲೆ ಮಾತ್ರ ಅವರ ಹೆಸರು. ನಾನು ಆಗುವುದಿಲ್ಲ ಎಂದಿದ್ದೆ. ಅವರು ನಗುತ್ತಲೇ ಹೋಗಿದ್ದರು. ನಾನು ಆ ಮಾತನ್ನು ಅಲ್ಲಿಗೇ ಮರೆತಿದ್ದೆ, ಅವರು ಮರೆತಿರಲಿಲ್ಲ.

ಹಾಗಾದರೆ ಎರಡು ವೀಳ್ಯದ ಕತೆಯನ್ನು ನೀವೆಲ್ಲ ನಂಬಿದಿರಾ ಎಂದು ಕೇಳಿದೆ. ಖಾದರ್ ಭಾಯಿ ತಲೆ ಅಲ್ಲಾಡಿಸಿದರು.

“ಯಾರೂ ನಂಬ್ಲಿಲ್ಲ ಅಕ್ಕಾ. ಖುದಾನಾಣೆ. ನಿಮ್ಮ ಮಾತು ಎಂಥದ್ದು ಅಂತ ನಮಗೆ ಗೊತ್ತಿಲ್ವಾ.”

“ಮತ್ತೆ?”

“ಮೇಷ್ಟ್ರು ಸಿಟ್ಟಾದ್ರೆ ಹಾರ್ಮೋನಿಯಂ ಎತ್ಕೊಂಡು ಹೋಗ್ತಾರೆ, ಹಾಡು ಅರ್ಧಕ್ಕೇ ನಿಂತೋಗ್ತದೆ. ನೀವು ಸಿಟ್ಟಾದ್ರೆ ಏನ್ಮಾಡ್ತೀರಾ? ನಾಲ್ಕು ಮಾತು ಬೈತೀರಾ, ಆಮೇಲೆ ಸರಿಹೋಗ್ತೀರಾ. ನೀವು ನಮ್ಮೋರಲ್ವಾ ಅಕ್ಕಾ. ಆ ನಂಬಿಕೆ ಮೇಲೇನೇ ನಿಮಗೆ ಬೇಡ ಅಂದಿದ್ದು.”

ಇಷ್ಟನ್ನು ಅವರು ಮನಸ್ಸು ನೋಯಿಸಲೆಂದು ಹೇಳಲಿಲ್ಲ, ಸಮಾಧಾನ ಮಾಡಲೆಂದು ಹೇಳಿದರು. ಅದೇ ನನ್ನನ್ನು ಸುಟ್ಟಿದ್ದು. ಸುಳ್ಳನ್ನು ನಂಬಿ ನನ್ನನ್ನು ಬಿಟ್ಟಿದ್ದರೆ ನಿಜ ಹೇಳಿ ಸರಿಮಾಡಬಹುದಿತ್ತು. ಸುಳ್ಳು ಎಂದು ಗೊತ್ತಿದ್ದೂ ಬಿಟ್ಟವರಿಗೆ ಇನ್ನೇನು ಹೇಳುವುದು? ಬೆದರಿಸುವವನಿಗೆ ಬಗ್ಗುತ್ತಾರೆ, ಬೆದರಿಸದವಳನ್ನು ನಮ್ಮವಳು ಎಂದು ಬೆನ್ನು ತಟ್ಟಿ ಹೊರಗೆ ಕೂರಿಸುತ್ತಾರೆ. ಇಷ್ಟು ವರ್ಷ ಮದುವೆಗೆ ಹೋಗಿ, ತೊಟ್ಟಿಲಿಗೆ ಹೊಲಿದು, ಕರೆದಾಗಲೆಲ್ಲ ಓಡಿ ನಾನು ಗಳಿಸಿದ ನಂಬಿಕೆ ಎಂದರೆ ಇದು, ಎಷ್ಟು ತುಳಿದರೂ ಇವಳು ಎದ್ದು ಕೂತು ನಗುತ್ತಾಳೆ ಎಂಬ ನಂಬಿಕೆ. ಟೀ ಲೋಟವನ್ನು ನೆಲಕ್ಕಿಟ್ಟೆ.

ಬೇಡವಾದರೆ ವೀಳ್ಯ ವಾಪಸ್ಸು ಕೊಡಬೇಕಿತ್ತಲ್ಲ ಖಾದರ್ ಭಾಯಿ ಎಂದೆ. ಅದೂ ನಮ್ಮ ಕಡೆಯ ಪದ್ಧತಿ. ದಿನ ಬಿಡಬೇಕಾದರೆ ಕೊಟ್ಟವರೇ ಮತ್ತೊಂದು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ನಾಲ್ಕು ಜನರ ಎದುರಿಗೆ ಕೈಗೆ ಕೊಟ್ಟು, ನಿಮ್ಮ ದಿನ ನಿಮಗೆ ಎಂದು ಹೇಳಬೇಕು. ಅಲ್ಲಿಯವರೆಗೆ ಡ್ರೆಸ್ಸಿನವರು ಆ ದಿನವನ್ನು ಬೇರೆಯವರಿಗೆ ಕೊಡುವಂತಿಲ್ಲ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಖಾದರ್ ಭಾಯಿ ಟ್ಯೂಬಿಗೆ ಗಾಳಿ ಹಿಡಿಯುತ್ತ, ನಿಮ್ಮ ಮುಂದೆ ತಟ್ಟೆ ಹಿಡಿಯೋಕೆ ಯಾರಿಗೂ ಮುಖ ಇಲ್ಲ ಅಕ್ಕಾ ಎಂದರು. ಮುಖವಿಲ್ಲದ್ದಕ್ಕೆ ಫೋನು ಕಂಡುಹಿಡಿದಿದ್ದಾರೆ ಎಂದುಕೊಂಡು ಎದ್ದುಬಂದೆ. ಊಟಕ್ಕೆ ಮನೆಗೆ ಬನ್ನಿ ಎಂದು ಅವರು ಬಸ್ಸಿನ ಬಾಗಿಲವರೆಗೂ ಕರೆದರು. ಆ ದಿನ ಮುಳಬಾಗಿಲಿನಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿದೆ.

ಮೂರನೆಯ ದಿನ ಭಾನುವಾರ. ಶ್ರೀನಿವಾಸಪುರದ ಬಸ್ಸಿನಲ್ಲಿ ಎರಡೂ ಕಡೆ ಮಾವಿನ ತೋಪುಗಳು. ಹೂ ಬಿಟ್ಟಿದ್ದರಿಂದ ಮರದ ಎಲೆಯೇ ಕಾಣುತ್ತಿರಲಿಲ್ಲ. ಕೆಲವು ತೋಪುಗಳಲ್ಲಿ ಔಷಧಿ ಹೊಡೆಯುತ್ತಿದ್ದರು, ಹೂವಿನ ಪರಿಮಳ, ಔಷಧಿಯ ಘಾಟು ಎರಡೂ ಸೇರಿ ಬಸ್ಸಿನೊಳಗೆ ಬರುತ್ತಿತ್ತು. ಶ್ರೀನಿವಾಸಪುರದಲ್ಲಿ ಇಳಿದು ಗೌನಿಪಲ್ಲಿಗೆ ಖಾಸಗಿ ಬಸ್ಸು ಹತ್ತಿದೆ. ಇಲ್ಲಿ ಆಧಾರ್ ನಡೆಯುವುದಿಲ್ಲ, ಮೂವತ್ತು ರೂಪಾಯಿ ಕೊಟ್ಟೆ. ಬಸ್ಸಿನಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು.

ಗೌನಿಪಲ್ಲಿಗೆ ಹೋಗಲು ನನಗೆ ಹೆದರಿಕೆಯಿತ್ತು, ಅದನ್ನು ಹೇಳಿಯೇಬಿಡುತ್ತೇನೆ. ಅಲ್ಲಿನ ತಂಡದ ಯಜಮಾನರು ಚೌಡಪ್ಪನವರು, ಮಾವಿನ ತೋಟದವರು, ರಾಜಾಪಾರ್ಟು. ನಾನು ಅಂಗಡಿ ಇಟ್ಟ ಹೊಸದರಲ್ಲಿ, ಹೆಂಗಸು ಕಟ್ಟಿದ ಕಿರೀಟ ರಂಗದ ಮೇಲೆ ನಿಲ್ಲುತ್ತದೆಯೇ ಎಂದು ಎಲ್ಲರೂ ಮೂಗು ಮುರಿದಾಗ, ನಿಲ್ಲುತ್ತದೋ ಇಲ್ಲವೋ ತಲೆ ನನ್ನದಲ್ಲವೇ ಎಂದು ಮೊಟ್ಟಮೊದಲು ಹೊತ್ತವರು ಅವರು. ಟೇಕಲ್ಲೂ ನಂಗಲಿಯೂ ಆ ನಾಟಕ ನೋಡಿದ ಮೇಲೆಯೇ ನನ್ನ ಹತ್ತಿರ ಬಂದದ್ದು. ಇವರೂ ನಮ್ಮವಳು ಎಂದು ತಲೆ ಸವರಿ ಕಳಿಸಿದರೆ ಈ ಕೆಲಸದಲ್ಲಿ ನನಗೆ ಯಾರ ಮೇಲೂ ನಂಬಿಕೆ ಉಳಿಯುವುದಿಲ್ಲ, ಅಂಗಡಿ ಉಳಿದರೂ ಅಷ್ಟೇ.

ಮಾವಿನ ಕಾಲವಲ್ಲದ್ದರಿಂದ ಊರಾಚೆಯ ಮಂಡಿಯ ಶೆಡ್ಡು ಖಾಲಿಯಿತ್ತು. ತಾಲೀಮು ಅಲ್ಲೇ ನಡೆಯುತ್ತಿತ್ತು, ಹಾರ್ಮೋನಿಯಂ ಸದ್ದು ರಸ್ತೆಗೇ ಕೇಳಿಸಿತು. ಒಳಗೆ ಹೋದೆ. ಹತ್ತು ಹನ್ನೆರಡು ಜನ ಗೋಣಿಚೀಲದ ಮೇಲೆ ಕೂತಿದ್ದರು. ಚೌಡಪ್ಪನವರು ನಿಂತು ಹಾಡುತ್ತಿದ್ದರು, ನನ್ನನ್ನು ಕಂಡು ಸಾಲು ಮರೆತರು. ಮೇಷ್ಟ್ರು ತಲೆಯೆತ್ತಿ ನೋಡಿ, ಬಾಮ್ಮಾ, ಕೂತ್ಕೋ ಎಂದು ತಮ್ಮ ಮನೆಗೆ ಬಂದ ನೆಂಟರನ್ನು ಕರೆದ ಹಾಗೆ ಕರೆದರು. ನಾನು ನಿಂತೇ ಇದ್ದೆ. ಎರಡು ವೀಳ್ಯ ಹಿಡಿದಿದ್ದೇನೆ ಎಂದು ಹೇಳಿದ್ದೀರಂತೆ, ಎರಡನೆಯ ಊರು ಯಾವುದು ಹೇಳಿ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದೆ.

ಮೇಷ್ಟ್ರು ಹಾರ್ಮೋನಿಯಂನ ತಿದಿಯನ್ನು ಮೆಲ್ಲಗೆ ಮುಚ್ಚಿದರು. ಅವರ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

“ಊರು ಯಾವ್ದಾದ್ರೇನಮ್ಮ. ಒಂದು ಹೆಸರು ಬರೆಯೋದಕ್ಕೆ ಅಷ್ಟು ಹಠ ಮಾಡ್ದೋಳು ನೀನು. ಈ ಊರುಗಳಲ್ಲಿ ನಾಟಕ ಕಟ್ಟಿದ್ದು ಯಾರು, ನಾನಲ್ವಾ?”

“ನಾಟಕ ನೀವೇ ಕಟ್ಟಿದ್ದು. ಪರದೆ ನಾನು ಬರೆದಿದ್ದು.”

ಎರಡನೆಯ ಊರು ಇಲ್ಲವೆಂದು ಎಲ್ಲರ ಎದುರಿಗೆ ಬಯಲಾಗಿದ್ದರೂ ಒಬ್ಬರೂ ಅದೇನು ಮೇಷ್ಟ್ರೇ ಎಂದು ಕೇಳಲಿಲ್ಲ. ಒಬ್ಬರು ನೆಲ ನೋಡಿದರು, ಒಬ್ಬರು ಫೋನು ನೋಡಿದರು. ಚೌಡಪ್ಪನವರು ಬಂದು ನನ್ನನ್ನು ಶೆಡ್ಡಿನ ಹೊರಗೆ ಕರೆದುಕೊಂಡು ಹೋದರು. ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ, ಪಾರ್ಟುದಾರರೆಲ್ಲ ಅರ್ಧ ಹಾಡು ಕಲಿತು ಕೂತಿದ್ದಾರೆ, ಮೇಷ್ಟ್ರು ಎದ್ದುಹೋದರೆ ಈ ವರ್ಷದ ನಾಟಕ ಅಲ್ಲಿಗೆ ಮುಗಿಯಿತು, ಊರಿಗೆಲ್ಲ ಹೇಳಿ ಆಗಿದೆ ಎಂದು ಒಂದೊಂದಾಗಿ ಹೇಳಿದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ ನನ್ನ ಭುಜದ ಮೇಲೆ ಕೈಯಿಟ್ಟು ತೆಲುಗು ಬೆರೆಸಿ ಹೇಳಿದರು.

“ನುವ್ವು ಮನ ಮನಿಷಿ ಕದಮ್ಮಾ. ನಮ್ಮೋಳು ನೀನು. ನೀನೇ ಅರ್ಥ ಮಾಡ್ಕೊಳ್ದಿದ್ರೆ ಇನ್ಯಾರು ಮಾಡ್ಕೋತಾರೆ?”

ಮೂರೂ ಊರಿನಲ್ಲಿ ಅದೇ ಮಾತು. ಮೂರನೆಯ ಸಲ ಕೇಳಿದಾಗ ನನ್ನ ತಾಳ್ಮೆ ತಪ್ಪಿತು. ಆದರೂ ಕೂಗಾಡಲಿಲ್ಲ. ಭುಜದ ಮೇಲಿದ್ದ ಅವರ ಕೈಯನ್ನು ತೆಗೆದೆ.

“ಇವತ್ತಿಂದ ನಾನು ನಿಮ್ಮೋಳಲ್ಲ ಚೌಡಪ್ಪಣ್ಣ. ಹೊರಗಿನೋಳು. ಹೊರಗಿನೋರ ವೀಳ್ಯ ಹೆಂಗೆ ವಾಪಸ್ ಕೊಡ್ತೀರೋ ಹಂಗೇ ಕೊಡಿ. ಅವರೆಲ್ಲರ ಮುಂದೆ ಕೊಡಿ. ಇಸ್ಕೊಂಡು ಹೋಗ್ತೀನಿ.”

ಅವರು ಬೇಡಮ್ಮ, ಅಷ್ಟು ದೂರ ಯಾಕೆ, ಮುಂದಿನ ವರ್ಷ ಎಂದು ಶುರುಮಾಡಿದರು. ನಾನು ಉತ್ತರ ಕೊಡದೆ ಒಳಗೆ ಬಂದು ನಿಂತೆ. ಅವರೂ ಹಿಂದೆ ಬಂದರು. ತಟ್ಟೆ ತರಲು ಯಾರಿಗೋ ಹೇಳಿದರು, ಹೇಳಿಸಿಕೊಂಡವರು ಕೇಳಿಸದವರಂತೆ ಕೂತರು. ಇನ್ನೊಬ್ಬರು ಬೀಡಿ ಹಚ್ಚುವ ನೆಪದಲ್ಲಿ ಹೊರಗೆ ಹೋದರು. ಕೊನೆಗೆ ಚೌಡಪ್ಪನವರೇ ಮನೆಗೆ ಹೋಗಿ ತಟ್ಟೆ ತಂದರು. ಎಲೆ ಇತ್ತು, ಅಡಿಕೆ ಇತ್ತು. ತಟ್ಟೆ ಹಿಡಿದುಕೊಂಡು ನನ್ನೆದುರಿಗೆ ಬಂದು ನಿಂತವರು ಹಾಗೇ ನಿಂತರು. ನಾಟಕದಲ್ಲಿ ಗದೆ ತಿರುಗಿಸುತ್ತ ಇಡೀ ರಂಗ ನಡುಗಿಸುವ ಮನುಷ್ಯನಿಗೆ ಆ ತಟ್ಟೆ ಭಾರವಾಗಿತ್ತು.

ಕೊಟ್ಟುಬಿಡಿ ಚೌಡಪ್ಪನೋರೇ, ಹೊತ್ತಾಗ್ತಾ ಇದೆ ಎಂದು ಮೇಷ್ಟ್ರು ಹಿಂದಿನಿಂದ ಹೇಳಿದರು. ಆ ಮಾತಿಗೆ ಶೆಡ್ಡಿನಲ್ಲಿದ್ದವರೆಲ್ಲ ಒಮ್ಮೆ ಅವರ ಕಡೆ ತಿರುಗಿದರು.

ಚೌಡಪ್ಪನವರು ತಟ್ಟೆಯನ್ನು ನನ್ನ ಕೈಗಿಟ್ಟರು. ನನ್ನ ಕಣ್ಣನ್ನು ನೇರವಾಗಿ ನೋಡಿದರು. “ನಿನ್ನ ದಿನ ನಿನಗಮ್ಮ. ಮಾತು ತಪ್ಪಿದ್ದು ನಾವು” ಎಂದರು. ಎರಡನೆಯ ಮಾತನ್ನು ಯಾರೂ ಹೇಳುವುದಿಲ್ಲ, ಪದ್ಧತಿಯಲ್ಲಿ ಅದು ಇಲ್ಲ. ನನಗೆ ಅಳು ಬಂತು, ಅಲ್ಲಿ ಅಳಲಿಲ್ಲ. ಎಲೆ ಅಡಿಕೆ ತೆಗೆದುಕೊಂಡು ಖಾಲಿ ತಟ್ಟೆ ವಾಪಸ್ಸು ಕೊಟ್ಟು ಹೊರಗೆ ಬಂದೆ. ಹಿಂದೆ ಹಾರ್ಮೋನಿಯಂ ಮತ್ತೆ ಶುರುವಾಯಿತು. ಹಾಡು ಮಾತ್ರ ನಾನು ರಸ್ತೆ ಸೇರುವವರೆಗೂ ಶುರುವಾಗಲಿಲ್ಲ.

ಶ್ರೀನಿವಾಸಪುರದ ಬಸ್ಸಿಗೆ ಬಹಳ ಹೊತ್ತು ಕಾಯಬೇಕಾಯಿತು. ಮಧ್ಯಾಹ್ನದ ಬಿಸಿಲು ನೆತ್ತಿಗೆ ಬಂದಿತ್ತು. ನಾನು ನೆರಳಿಗೂ ಹೋಗದೆ ನಿಂತಿದ್ದೆ. ಸೋತು ಹೋಗುತ್ತಿದ್ದೇನೆ ಎನ್ನುವುದು ಗೊತ್ತಿತ್ತು, ಮೂರರಲ್ಲಿ ದೊಡ್ಡ ದಿನವೇ ಕೈಬಿಟ್ಟಿತ್ತು. ಚೌಡಪ್ಪನವರ ಮೇಲಿನ ಸಿಟ್ಟು ಇಳಿದಿರಲಿಲ್ಲ, ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೆ ಇಲ್ಲ ಎನ್ನುವುದನ್ನು ನನ್ನ ಮುಖ ನೋಡಿ ಹೇಳಿದವರು ಮೂರೂರಿನಲ್ಲಿ ಅವರೊಬ್ಬರೇ. ಮಿಕ್ಕವರು ಅಕ್ಕರೆ ತೋರಿಸಿದರು, ಅವರೊಬ್ಬರು ಮರ್ಯಾದೆ ಕೊಟ್ಟರು. ಮುಂದಿನ ವರ್ಷ ಗೌನಿಪಲ್ಲಿಯವರು ಬಂದರೆ ಅಂಗಡಿಯ ಬಾಗಿಲು ತೆರೆದಿರುತ್ತದೆ. ಈಗ ಆ ದಿನ ನನ್ನದು, ಬೇರೆ ಊರಿಗೆ ಕೊಡಬಹುದು.

ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ಸು ಹತ್ತಿ ಕೂತ ಮೇಲೆ ಮುನಿಯಪ್ಪನವರಿಗೆ ಫೋನು ಮಾಡಿದೆ. ಏನಮ್ಮ ರತ್ನ, ಕ್ಷೇಮವಾಗಿ ಮನೆ ಸೇರಿದೆಯಾ, ಅವರೆಕಾಯಿ ಚೆನ್ನಾಗಿತ್ತಾ ಎಂದರು. ಚೆನ್ನಾಗಿತ್ತು ಎಂದೆ. ಮಾತಿಗೆ ಮಾತು ಬೆಳೆಸಲಿಲ್ಲ.

“ಮುನಿಯಪ್ಪಣ್ಣ, ನಿಮ್ಮ ವೀಳ್ಯ ಇನ್ನೂ ನನ್ನ ಹತ್ರಾನೇ ಐತೆ. ಶಿವರಾತ್ರಿ ಮಾರನೇ ದಿನ ದೀಪ ಹಚ್ಚೋ ಹೊತ್ತಿಗೆ ಪೆಟ್ಟಿಗೆ ಸಮೇತ ಬಂದಿರ್ತೀನಿ. ಬೇಡ ಅನ್ನೋದಿದ್ರೆ ಊರೆಲ್ಲ ಕೂತಿರ್ತದೆ, ಅವರ ಮುಂದೆ ಅನ್ನಿ.”

ನಾನು ಫೋನು ಇಟ್ಟು, ಖಾದರ್ ಭಾಯಿಯ ನಂಬರು ಒತ್ತಿದೆ.